‘ಜೋರಾಗಿ ಬಂತು’ ಎಂದರೆ ಸಾಕೇ?

ಪ್ರಶ್ನೆ: 2023ರ ಮಳೆಗಾಲದಲ್ಲಿ ನನ್ನ ತಮ್ಮ ಬೈಕಿನಲ್ಲಿ ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಹೊರಟಿದ್ದಾಗ, ಮಂಡಗದ್ದೆ ಸಮೀಪದ ತಿರುವಿನಲ್ಲಿ ಎದುರಿನಿಂದ ಬಂದ ಲಾರಿ ಡಿಕ್ಕಿ ಹೊಡೆದು ತೀರಿಕೊಂಡ. ಚಾಲಕನ ಮೇಲಿನ ಮೊಕದ್ದಮೆ ಈಗ ಸಾಕ್ಷಿ ವಿಚಾರಣೆಯ ಹಂತದಲ್ಲಿದೆ. ಅಲ್ಲೇ ತೋಟದ ಕೆಲಸದಲ್ಲಿದ್ದವರೊಬ್ಬರು ‘ಲಾರಿ ಬಹಳ ಜೋರಾಗಿ ಬಂತು’ ಎಂದು ಸಾಕ್ಷಿ ನುಡಿದಿದ್ದಾರೆ. ಸ್ಥಳ ಮಹಜರಿಗೆ (ಪೊಲೀಸರು ಅಪಘಾತದ ಜಾಗ ನೋಡಿ ಬರೆದ ದಾಖಲೆ) ಸಾಕ್ಷಿಗಳಾಗಿ ಸಹಿ ಹಾಕಿದ ಪಂಚರಲ್ಲಿ ಒಬ್ಬರು ‘ಪೊಲೀಸರು ಹೇಳಿದಲ್ಲಿ ಸಹಿ ಹಾಕಿದೆ’ ಎಂದುಬಿಟ್ಟರು. ಕೇಸು ನಿಲ್ಲುವುದಿಲ್ಲವೆಂದು ಎಲ್ಲರೂ ಹೇಳುತ್ತಾರೆ, ನಿಜವೇ? ಪರಿಹಾರದ ಅರ್ಜಿ ಆಗಲೇ ಹಾಕಿದ್ದೇವೆ. ಚಾಲಕ ಖುಲಾಸೆಯಾದರೆ ಅದೂ ಹೋಗುತ್ತದೆಯೇ?
– ಓದುಗರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಅಪಘಾತ ಹೊಸ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದ 2024ರ ಜುಲೈ 1ಕ್ಕಿಂತ ಮೊದಲು ನಡೆದಿರುವುದರಿಂದ ನಿಮ್ಮ ಪ್ರಕರಣಕ್ಕೆ ಹಳೆಯ ಭಾರತೀಯ ದಂಡ ಸಂಹಿತೆಯ 279 (ಅಜಾಗರೂಕ ಚಾಲನೆ) ಮತ್ತು 304ಎ (ನಿರ್ಲಕ್ಷ್ಯದಿಂದ ಸಾವು) ಕಲಮುಗಳೇ ಅನ್ವಯಿಸುತ್ತವೆ, ನ್ಯಾಯ ಸಂಹಿತೆಯ 106ನೇ ಕಲಮಿನ ಐದು ವರ್ಷದವರೆಗಿನ ಶಿಕ್ಷೆ ಇದಕ್ಕೆ ಬರುವುದಿಲ್ಲ, 304ಎ ಅಡಿ ಗರಿಷ್ಠ ಎರಡು ವರ್ಷ.

‘ಜೋರಾಗಿ ಬಂತು’ ಎಂಬ ಮಾತೊಂದರ ಮೇಲೆಯೇ ನಿಂತರೆ ಕೇಸು ದುರ್ಬಲವೆಂಬುದು ನಿಜ. ಕರ್ನಾಟಕದಿಂದಲೇ ಹೋದ ಒಂದು ಮೇಲ್ಮನವಿಯಲ್ಲಿ ಸುಪ್ರೀಂ ಕೋರ್ಟ್ 1998ರಲ್ಲಿ, ಅತಿವೇಗವೆಂಬುದು ಸಂದರ್ಭಕ್ಕೆ ತಕ್ಕಂತೆ ಅಳೆಯಬೇಕಾದ ಸಂಗತಿ, ಆ ಮಾತಿನಿಂದಷ್ಟೇ ಅಜಾಗರೂಕತೆ ಸಾಬೀತಾಗದು ಎಂದು ಹೇಳಿದೆ. ಹೆದ್ದಾರಿಯ ನೇರ ಹಾದಿಯಲ್ಲಿ ಸಾಮಾನ್ಯವೆನಿಸುವ ವೇಗವೇ, ಎದುರು ಬರುವುದು ಕಾಣದ ಮಲೆನಾಡಿನ ತಿರುವಿನಲ್ಲಿ, ಅದೂ ಮಳೆಯಲ್ಲಿ, ಅಪಾಯಕಾರಿಯಾಗಬಹುದು. ಆದ್ದರಿಂದ ಸಾಕ್ಷಿ ಹೇಳಬೇಕಾದದ್ದು ತಾವು ಕಣ್ಣಾರೆ ಕಂಡದ್ದನ್ನು: ಲಾರಿ ತನ್ನ ಎಡಬದಿಯಲ್ಲಿತ್ತೇ, ತಿರುವಿನಲ್ಲಿ ಇನ್ನೊಂದು ವಾಹನವನ್ನು ಹಿಂದಿಕ್ಕುತ್ತಿತ್ತೇ, ಹಾರನ್ ಕೇಳಿಸಿತೇ, ತಾವು ನಿಂತಿದ್ದ ಜಾಗದಿಂದ ರಸ್ತೆ ಕಾಣುತ್ತಿತ್ತೇ. ಇವನ್ನು ಕೇಳದೆಯೇ ಬಿಟ್ಟಿದ್ದರೆ, ದಂಡ ಪ್ರಕ್ರಿಯಾ ಸಂಹಿತೆಯ 311ನೇ ಕಲಮಿನಡಿ ಅವರನ್ನು ಮತ್ತೆ ಕರೆಸಲು ಅರ್ಜಿ ಹಾಕುವಂತೆ ಸಹಾಯಕ ಸರ್ಕಾರಿ ಅಭಿಯೋಜಕರನ್ನು (ಸರ್ಕಾರದ ಪರ ಕೇಸು ನಡೆಸುವ ವಕೀಲರು) ತಡಮಾಡದೆ ಕೇಳಿಕೊಳ್ಳಿ.

ನನ್ನ ಮಟ್ಟಿಗೆ ಇಂಥ ಕೇಸಿನ ಜೀವಾಳವಿರುವುದು ಸ್ಥಳ ಮಹಜರು ಮತ್ತು ನಕ್ಷೆಯಲ್ಲಿ. ಟಾರು ರಸ್ತೆಯ ಅಗಲ ಎಷ್ಟು, ಡಿಕ್ಕಿಯಾದ ಜಾಗ ಯಾವ ಅಂಚಿನಿಂದ ಎಷ್ಟು ಅಡಿ ದೂರ, ಒಡೆದ ಹೆಡ್‌ಲೈಟಿನ ಗಾಜು ಬಿದ್ದದ್ದೆಲ್ಲಿ, ವಾಹನಗಳು ನಿಂತದ್ದೆಲ್ಲಿ ಎಂಬುದು ಅದರಲ್ಲಿರಬೇಕು. ಒದ್ದೆ ರಸ್ತೆಯಲ್ಲಿ ಬ್ರೇಕಿನ ಗುರುತು ಸರಿಯಾಗಿ ಮೂಡದಿರಬಹುದಾದ್ದರಿಂದ ಗಾಜಿನ ಚೂರು ಮತ್ತು ಚಕ್ರದಡಿಯಿಂದ ಉದುರಿದ ಕೆಸರಿಗೆ ಮಹತ್ವ ಹೆಚ್ಚು. ಇವೆಲ್ಲ ನಿಮ್ಮ ತಮ್ಮನ ಬದಿಯಲ್ಲೇ ಬಿದ್ದಿದ್ದರೆ, ಲಾರಿ ಬಲಕ್ಕೆ ಏಕೆ ಬಂತೆಂಬುದಕ್ಕೆ ಚಾಲಕನೇ ನಂಬುವಂಥ ವಿವರಣೆ ಕೊಡಬೇಕಾದ ಸನ್ನಿವೇಶ ಬರುತ್ತದೆ. ಬ್ರೇಕ್ ಕೈಕೊಟ್ಟಿತೆಂದು ಅವನು ಹೇಳಿದರೆ ಮೋಟಾರು ವಾಹನ ನಿರೀಕ್ಷಕರ ವರದಿ ನೋಡಬೇಕು. ಪಂಚರೊಬ್ಬರು ತಿರುಗಿಬಿದ್ದರೆಂಬ ಕಾರಣಕ್ಕೆ ಮಹಜರು ಬಿದ್ದುಹೋಗುವುದಿಲ್ಲ. ತನಿಖಾಧಿಕಾರಿಯ ಸಾಕ್ಷ್ಯ ಪಾಟೀಸವಾಲಿನಲ್ಲಿ ಅಲುಗಾಡದೆ ನಿಂತರೆ ನ್ಯಾಯಾಲಯ ಅದನ್ನು ನಂಬಬಹುದು.

ಇಷ್ಟೆಲ್ಲ ಇದ್ದೂ ಆ ಹೊತ್ತಿನಲ್ಲಿ ಲಾರಿ ಓಡಿಸುತ್ತಿದ್ದವನು ಈ ಆರೋಪಿಯೇ ಎಂಬುದು ರುಜುವಾತಾಗದೆ ಕೇಸು ಕುಸಿಯುವುದುಂಟು. ಮೋಟಾರು ವಾಹನ ಕಾಯ್ದೆಯ 133ನೇ ಕಲಮಿನಂತೆ ಚಾಲಕನಾರೆಂದು ಮಾಲೀಕರು ಕೊಟ್ಟ ಉತ್ತರ ಕಡತದಲ್ಲಿದೆಯೇ, ಅವರು ಸಾಕ್ಷಿಪಟ್ಟಿಯಲ್ಲಿದ್ದಾರೆಯೇ ಎಂದು ವಿಚಾರಿಸಿ. ನೀವು ನೇಮಿಸಿದ ವಕೀಲರು ಅಭಿಯೋಜಕರಿಗೆ ನೆರವಾಗಬಹುದು, ನ್ಯಾಯಾಲಯದ ಅನುಮತಿ ಪಡೆದು ಲಿಖಿತ ವಾದವನ್ನೂ ಸಲ್ಲಿಸಬಹುದು.

ಪರಿಹಾರದ ಅರ್ಜಿ ಬೇರೆಯೇ ದಾರಿಯದು. ಅಪರಾಧ ಪ್ರಕರಣದಲ್ಲಿ ಸಂಶಯಕ್ಕೆ ಎಡೆಯಿಲ್ಲದ ರುಜುವಾತು ಬೇಕು. ಪರಿಹಾರದ ಅರ್ಜಿ ಕೇಳುವ ಮೋಟಾರು ಅಪಘಾತ ನ್ಯಾಯಮಂಡಳಿಯ ಮುಂದೆ ಸಂಭವನೀಯತೆ ನಿಮ್ಮ ಕಡೆ ವಾಲಿದರೆ ಸಾಕು. ಸಂಶಯದ ಲಾಭದಿಂದ ಚಾಲಕ ಬಿಡುಗಡೆಯಾದ ಮಾತ್ರಕ್ಕೆ ನಿಮ್ಮ ಅರ್ಜಿ ಬೀಳುವುದಿಲ್ಲ. ಆದರೆ ತೋಟದ ಆ ಸಾಕ್ಷಿಯನ್ನು ಅಲ್ಲಿಯೂ ಹಾಜರುಪಡಿಸುವುದು ಒಳ್ಳೆಯದು, ಮಹಜರು ಮತ್ತು ನಕ್ಷೆಯ ದೃಢೀಕೃತ ಪ್ರತಿಗಳನ್ನು ಈಗಲೇ ತೆಗೆದಿಟ್ಟುಕೊಳ್ಳಿ.