ಪಾಸ್ಟರ್‌ಗೆ ಊರ ಸುದ್ದಿ ಯಾಕೆ?

ಪ್ರಿಯ ಓದುಗರೇ,

ಉಡುಪಿಯಿಂದ ನೀವು ಬರೆದ ಪತ್ರ ಕೈಸೇರಿತು. ಮಂಗಳೂರಿನ ಬ್ಯಾಪ್ಟಿಸ್ಟ್ (ಪ್ರೊಟೆಸ್ಟಂಟರ ಒಂದು ಪಂಗಡ) ಪಾಸ್ಟರ್ ಒಬ್ಬರು ನಮ್ಮಲ್ಲಿ ಬರೆಯುವ ಅಂಕಣದ ಬಗ್ಗೆ ನಿಮ್ಮ ತಕರಾರು. ದೇವರ ವಾಕ್ಯ ಹೇಳುವವರಿಗೆ ಮಣಿಪುರ, ಚುನಾವಣೆ, ಮೀನಿನ ವಿಷಯವೆಲ್ಲ ಯಾಕೆ? ಇಲ್ಲಿ ಬೆರಳೆಣಿಕೆಯಷ್ಟಿರುವ ಬ್ಯಾಪ್ಟಿಸ್ಟರಿಗೆ ಇಡೀ ಪುಟ ಯಾಕೆ? ಅದೂ ಇಷ್ಟುದ್ದ ಯಾಕೆ?

ಪುಟದ ಮಾತು ಮೊದಲು ಮುಗಿಸುತ್ತೇನೆ. ನಮ್ಮ ಕರಾವಳಿಯ ಕ್ರೈಸ್ತರಲ್ಲಿ ಹೆಚ್ಚಿನವರು ಕೆಥೊಲಿಕರು. ಪ್ರೊಟೆಸ್ಟಂಟರೆಂದರೆ ಹೆಚ್ಚಾಗಿ 1834ರಲ್ಲಿ ಬಂದ ಬಾಸೆಲ್ ಮಿಶನ್ನಿನ ಕಡೆಯವರು, ಈಗಿನ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ). ಬ್ಯಾಪ್ಟಿಸ್ಟರು ಕಡಿಮೆಯೇ. ಆದರೆ ತಲೆ ಎಣಿಸಿ ಪುಟ ಹಂಚುವ ಪದ್ಧತಿ ನಮ್ಮಲ್ಲಿಲ್ಲ.

ಇನ್ನು ಮಣಿಪುರ. ಅಲ್ಲಿ ಗಲಭೆ ಶುರುವಾದದ್ದು 2023ರ ಮೇ 3ರಂದು. ಅದರ ಮುಂದಿನ ಭಾನುವಾರ ಈ ಪಾಸ್ಟರ್ ಅವರ ಸಭೆಯ, ಅಂದರೆ ಚರ್ಚಿನ, ಆರಾಧನೆಯಲ್ಲಿ ನಾನೂ ಇದ್ದೆ. ಮಂಗಳೂರಿಗೆ ನರ್ಸಿಂಗ್ ಓದಲು ಈಶಾನ್ಯದಿಂದ ಮಕ್ಕಳು ಬರುತ್ತಾರೆ, ನಿಮಗೂ ಗೊತ್ತಲ್ವಾ. ನಾಗಾಲ್ಯಾಂಡಿನಲ್ಲಿ ಬ್ಯಾಪ್ಟಿಸ್ಟರೇ ಬಹುಸಂಖ್ಯಾತರು, ಮಣಿಪುರದ ಗುಡ್ಡಗಳಲ್ಲೂ ಬಹಳ ಇದ್ದಾರೆ. ಹಾಗಾಗಿ ಈ ಹುಡುಗಿಯರಿಗೆ ಇಲ್ಲಿ ಸಿಗುವ ತವರು ಆ ಪುಟ್ಟ ಸಭೆ. ಅವತ್ತು ಹಿಂದಿನ ಬೆಂಚಿನಲ್ಲಿ ಕೂತಿದ್ದವಳೊಬ್ಬಳು ಕೀರ್ತನೆ ಪುಸ್ತಕದೊಳಗೆ ಮೊಬೈಲ್ ಇಟ್ಟುಕೊಂಡು ನೋಡುತ್ತಲೇ ಇದ್ದಳು. ಊರಲ್ಲಿ ಇಂಟರ್ನೆಟ್ ಬಂದ್. ಅಪ್ಪನ ವಾಟ್ಸಾಪ್‌ಗೆ ಹಾಕಿದ ಮೆಸೇಜಿಗೆ ಒಂದೇ ಟಿಕ್. ಪಾಸ್ಟರ್ ಬರೆದು ತಂದ ಪ್ರಸಂಗದ (ಪ್ರವಚನದ) ಹಾಳೆ ಮಡಚಿ ಜೇಬಿಗಿಟ್ಟರು. ‘ಯಾರ್ಯಾರಿಗೆ ಮನೆಯವರ ಹತ್ತಿರ ಮಾತಾಡಲು ಆಯ್ತು?’ ಎಂದು ಕೇಳಿದರು. ಎದ್ದ ಕೈ ತೀರಾ ಕಡಿಮೆ.

ಆಮೇಲೆ ಆ ಮಕ್ಕಳಲ್ಲಿ ಕೆಲವರ ಮನೆ ಸುಟ್ಟದ್ದು ತಿಳಿಯಿತು. ಫೀಸು ಕಟ್ಟುವ ದಿನ ಹತ್ತಿರ ಬಂದಿತ್ತು. ಸ್ವಲ್ಪ ಸಮಯ ಕೊಡಿ ಎಂದು ಕೇಳಲು ಪಾಸ್ಟರ್ ಕಾಲೇಜು ಆಫೀಸಿಗೆ ಓಡಾಡಿದರು. ಈಗ ನೀವೇ ಹೇಳಿ, ಇದು ಸಭಾಪಾಲನೆಯೋ ರಾಜಕೀಯವೋ? ನನಗಂತೂ ಗೆರೆ ಕಾಣಲಿಲ್ಲ. ಬೆಂಚಿನಲ್ಲಿ ಕೂತವಳ ಸಂಕಟ ಅದು, ಪಾಸ್ಟರ್ ಪೇಪರ್ ನೋಡಿ ಆರಿಸಿಕೊಂಡ ವಿಷಯವಲ್ಲ.

ಚುನಾವಣೆ ವಿಷಯದಲ್ಲಿ ಹಳೇ ಸಂಚಿಕೆಗಳನ್ನು ಇನ್ನೊಮ್ಮೆ ತಿರುವಿ ನೋಡಿ. ಯಾರಿಗೆ ಓಟು ಹಾಕಬೇಕೆಂದು ಅವರು ಎಲ್ಲೂ ಬರೆದಿಲ್ಲ. ಬರೆದರೆ ನಾನೇ ಅದನ್ನು ಅಚ್ಚು ಹಾಕುವುದಿಲ್ಲ. ಧರ್ಮದ ಹೆಸರಲ್ಲಿ ಓಟು ಕೇಳುವುದು 1951ರ ಪ್ರಜಾಪ್ರತಿನಿಧಿ ಕಾಯ್ದೆಯಂತೆ ಭ್ರಷ್ಟ ಆಚರಣೆ. ಕಾಯ್ದೆ ಇರಲಿ, ಸರ್ಕಾರ ಬೇರೆ ಸಭೆ ಬೇರೆ ಎನ್ನುವುದು ಬ್ಯಾಪ್ಟಿಸ್ಟರದ್ದೇ ಹಳೇ ಹಠ. 1612ರ ಸುಮಾರಿಗೆ ಥಾಮಸ್ ಹೆಲ್ವಿಸ್ ಎಂಬಾತ ಇಂಗ್ಲೆಂಡಿನ ದೊರೆ ಜೇಮ್ಸ್‌ಗೆ ನೇರವಾಗಿ ಬರೆದ: ದೊರೆಯೂ ಮನುಷ್ಯನೇ, ಜನರ ಆತ್ಮದ ಮೇಲೆ ಅವನಿಗೆ ಅಧಿಕಾರವಿಲ್ಲ ಎಂದು. ಜೈಲಿಗೆ ಹೋದ, ಅಲ್ಲೇ ತೀರಿಕೊಂಡ. ನನಗೆ ಹಿಡಿಸುವುದು ಇನ್ನೊಂದು. ಆತ ಆ ಸ್ವಾತಂತ್ರ್ಯ ಕೇಳಿದ್ದು ತನ್ನವರಿಗೆ ಮಾತ್ರ ಅಲ್ಲ, ಯಹೂದಿಗಳಿಗೂ ಮುಸ್ಲಿಮರಿಗೂ ಸೇರಿಸಿ. ನಮ್ಮ ಜಿಲ್ಲೆಯಲ್ಲಿ ಇಂಥ ಮಾತು ಆಡುವವರು ಜಾಸ್ತಿ ಆಗಲಿ ಎಂದೇ ನನ್ನ ಆಸೆ.

ಹಾಗಂತ ಅವರು ಬರೆದದ್ದೆಲ್ಲ ನನಗೆ ಒಪ್ಪಿಗೆ ಅಂತಲ್ಲ. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧ ಕಡಿಮೆ ಮಾಡಬೇಕು ಎಂದು ಒಮ್ಮೆ ಬರೆದರು. ದಕ್ಕೆಯಲ್ಲಿ (ದೋಣಿಯಿಂದ ಮೀನು ಇಳಿಸುವ ಕಟ್ಟೆ) ಬುಟ್ಟಿ ಹೊರುವವರ ಮನೆಗೆ ಹೋಗಿಬಂದ ಬಿಸಿಯಲ್ಲಿ ಬರೆದದ್ದು. ಕೂಲಿ ಇಲ್ಲದ 61 ದಿನ ಸಣ್ಣದಲ್ಲ, ನಿಜ. ಆದರೆ ಮೊಟ್ಟೆ ಇಡುವ ಕಾಲದಲ್ಲೇ ಬಲೆ ಬಿಟ್ಟರೆ ಮುಂದೆ ಬಂಗುಡೆ ಎಲ್ಲಿಂದ ಬರಬೇಕು? ಕೇಳಬೇಕಾದದ್ದು ಆ ದಿನಗಳಿಗೆ ಪರಿಹಾರ. ಇದನ್ನು ಅವರಿಗೆ ಫೋನಿನಲ್ಲೂ ಹೇಳಿದ್ದೇನೆ. ಅವರು ಒಪ್ಪಲಿಲ್ಲ.

ಅವರನ್ನು ಹದ್ದುಬಸ್ತಿನಲ್ಲಿಡಿ ಎಂದು ನನಗೆ ಬರೆದಿದ್ದೀರಿ. ಬ್ಯಾಪ್ಟಿಸ್ಟರಲ್ಲಿ ಬಿಷಪ್ ಇಲ್ಲ. ಸಭೆಯವರೇ ಪಾಸ್ಟರನ್ನು ಕರೆಯುತ್ತಾರೆ, ಸಂಬಳ ಕೊಡುತ್ತಾರೆ, ಬೇಡವಾದರೆ ಅವರೇ ಕಳಿಸುತ್ತಾರೆ. ಪ್ರತಿ ಭಾನುವಾರ ಎದುರಿಗೆ ಕೂತು ಕೇಳುವ ಆ ಜನ ಇನ್ನೂ ಅವರನ್ನು ಇಟ್ಟುಕೊಂಡಿದ್ದಾರೆ. ನಡುವೆ ನನ್ನದೇನು?

ಬರಹ ಉದ್ದವಾಯಿತು ಎಂಬ ದೂರು ಮಾತ್ರ ಪೂರ್ತಿ ಸರಿ. ಪ್ರಸಂಗ ಮಾಡುವವರಿಗೆ ನಿಲ್ಲಿಸುವುದು ಕಷ್ಟ. ಮುಂದಿನ ತಿಂಗಳಿಂದ ಅಂಕಣ ಮುಕ್ಕಾಲು ಪುಟ. ಉಳಿದ ಕಾಲು ಪುಟ ಓದುಗರ ಪತ್ರಕ್ಕೆ. ನೀವೇ ಮೊದಲು ಬರೆಯಿರಿ.

ಸಂಪಾದಕ