ಅಟ್ಟ ತಣ್ಣಗಿರಲಿ, ಮನೆ ಬೆಚ್ಚಗಿರಲಿ

ಪ್ರಶ್ನೆ: ಅಮೆರಿಕದ ಮಿನೆಸೋಟ ರಾಜ್ಯದ ಮಿನಿಯಾಪೊಲಿಸ್ ಹತ್ತಿರ 1950ರ ದಶಕದ ಹಳೇ ಮನೆ ಕೊಂಡಿದ್ದೇವೆ. ಮೇಲೆ ಖಾಲಿ ಅಟ್ಟ. ಬರೀ ಜಂತೆಗಳು, ಅವುಗಳ ನಡುವೆ ಇನ್ಸುಲೇಷನ್ ಆಗಿ, ಅಂದರೆ ಬಿಸಿ ಆಚೆ ಹೋಗದಂತೆ ತಡೆಯಲು, ನಾಲ್ಕು ಇಂಚಿನಷ್ಟು ಹಳೇ ಫೈಬರ್‌ಗ್ಲಾಸ್. ಕಳೆದ ಚಳಿಗಾಲದಲ್ಲಿ ಸೂರಿನಂಚಿಗೆ ದಪ್ಪಗೆ ಐಸ್ ಕಟ್ಟಿತ್ತು, ಮಲಗುವ ಕೋಣೆಯ ಮೂಲೆಯಲ್ಲಿ ನೀರು ಸೋರಿತು. ಗ್ಯಾಸ್ ಬಿಲ್ಲೂ ಜಾಸ್ತಿ. ಮಾಡಿನ ಒಳಬದಿಗೆ ಪಕ್ಕಾಸುಗಳ ನಡುವೆ ಇನ್ಸುಲೇಷನ್ ತುಂಬಿ, ಸೂರಿನ ಗಾಳಿಕಿಂಡಿಗಳನ್ನೂ ಮುಚ್ಚಿ, ಅಟ್ಟವನ್ನೇ ಬೆಚ್ಚಗೆ ಮಾಡಿದರೆ ಹೇಗೆ?

ಉತ್ತರ: ಕಿಂಡಿ ಮುಚ್ಚಬೇಡಿ. ಪಕ್ಕಾಸಿನ ತಂಟೆಗೂ ಹೋಗಬೇಡಿ.

ನೀವು ಹೀಗೆ ಯೋಚಿಸಿದ್ದು ಸಹಜವೇ. ಮಲೆನಾಡಿನ ಅಟ್ಟ ನೋಡಿ ಬೆಳೆದವರಿಗೆ ಅಟ್ಟ ಅಂದರೆ ಮನೆಯಲ್ಲೇ ಬೆಚ್ಚಗಿನ, ಒಣಗಿದ ಜಾಗ. ಕೆಳಗೆ ಒಲೆ ಉರಿಯುತ್ತದೆ, ಹೊಗೆ ಮೇಲೇರುತ್ತದೆ, ಬೀಜ, ಬುಟ್ಟಿಗಳಿಗೆ ಮಳೆಗಾಲದಲ್ಲೂ ಬೂಷ್ಟು ಹಿಡಿಯುವುದಿಲ್ಲ. ಮಿನೆಸೋಟದ ಖಾಲಿ ಅಟ್ಟದ ಲೆಕ್ಕ ಪೂರ್ತಿ ಉಲ್ಟಾ. ಹೊರಗೆ ಸೊನ್ನೆಗಿಂತ 25 ಡಿಗ್ರಿ ಕೆಳಗಿದ್ದರೆ, ಅಟ್ಟವೂ ಹೆಚ್ಚುಕಡಿಮೆ ಅಷ್ಟೇ ತಣ್ಣಗಿರಬೇಕು.

ನಿಮ್ಮ ಸೂರಿನ ಐಸನ್ನೇ ನೋಡಿ. ಮನೆಯ ಬಿಸಿ ಅಟ್ಟಕ್ಕೆ ಸೋರಿ ಮಾಡನ್ನು ಕಾಯಿಸುತ್ತದೆ. ಮೇಲಿನ ಹಿಮ ಕರಗಿ ನೀರಾಗಿ ಕೆಳಗೆ ಇಳಿಯುತ್ತದೆ. ಸೂರು ಗೋಡೆಯಿಂದ ಆಚೆ ಚಾಚಿಕೊಂಡಿರುತ್ತದೆ, ಅದರ ಕೆಳಗೆ ಮನೆಯೇ ಇಲ್ಲ, ಹಾಗಾಗಿ ಅಲ್ಲಿ ಮಾತ್ರ ಕೊರೆಯುವಷ್ಟು ತಣ್ಣಗೆ. ಇಳಿದು ಬಂದ ನೀರು ಅಲ್ಲಿ ಮತ್ತೆ ಹೆಪ್ಪುಗಟ್ಟಿ ಕಟ್ಟೆಯಾಗುತ್ತದೆ. ಅದರ ಹಿಂದೆ ನಿಂತ ನೀರು ಮಾಡಿಗೆ ಹೊದಿಸಿದ ಶಿಂಗಲ್‌ಗಳ ಅಡಿಗೆ ನುಗ್ಗಿ ನಿಮ್ಮ ಕೋಣೆಯ ಮೂಲೆಗೆ ಬಂತು. ಹೊಸ ಶಿಂಗಲ್ ಹಾಕಿಸಿದರೂ ಇದು ನಿಲ್ಲುವುದಿಲ್ಲ. ಬಿಸಿ ಮೇಲೆ ಹೋಗುವುದು ನಿಲ್ಲಬೇಕು.

ಈಗ ಎಲ್ಲರೂ ಮಾಡುವ ತಪ್ಪು. ಅಂಗಡಿಗೆ ಹೋಗಿ ಹತ್ತಾರು ಚೀಲ ಇನ್ಸುಲೇಷನ್ ತಂದು ಸುರಿದುಬಿಡುವುದು. ಇನ್ಸುಲೇಷನ್ ಅಂದರೆ ಸ್ವೆಟರ್ ಇದ್ದ ಹಾಗೆ, ಜೋರು ಗಾಳಿಯನ್ನು ಅದು ತಡೆಯುವುದಿಲ್ಲ. ಚಳಿಗಾಲದಲ್ಲಿ ಇಡೀ ಮನೆ ಒಂದು ಚಿಮ್ನಿಯ ಹಾಗೆ ಕೆಲಸ ಮಾಡುತ್ತದೆ: ಬಿಸಿ ಗಾಳಿ ಮೇಲಿನ ತೂತುಗಳಿಂದ ಹೊರಗೆ, ತಣ್ಣನೆ ಗಾಳಿ ಕೆಳಗಿನ ಸಂದುಗಳಿಂದ ಒಳಗೆ. ಆದ್ದರಿಂದ ಮೊದಲು ತೂತು ಮುಚ್ಚಬೇಕು. ಬೇಸರದ ಕೆಲಸ, ಧೂಳಿನ ಕೆಲಸ, ಮುಗಿದ ಮೇಲೆ ಯಾರ ಕಣ್ಣಿಗೂ ಬೀಳದ ಕೆಲಸ. ನನ್ನ ಪ್ರಕಾರ ಅರ್ಧ ಫಲ ಇದರಲ್ಲೇ ಇದೆ.

ಮಾಸ್ಕ್, ಕೈಗವಸು ಹಾಕಿಕೊಂಡು ಹಳೇ ಫೈಬರ್‌ಗ್ಲಾಸನ್ನು ಒಂದೊಂದಾಗಿ ಎತ್ತಿ ನೋಡಿ. ಕಾಲು ಜಂತೆಯ ಮೇಲೇ ಇರಲಿ, ನಡುವೆ ಇಟ್ಟರೆ ಚಾವಣಿಯ ತೆಳು ಡ್ರೈವಾಲ್ ಹಲಗೆ ಒಡೆದು ಕೆಳಗಿನ ಕೋಣೆಗೆ ಇಳಿಯುತ್ತೀರಿ. ಎಲ್ಲಿ ಕಪ್ಪು ಕಲೆ ಕಾಣುತ್ತದೋ ಅಲ್ಲಿ ವರ್ಷಗಟ್ಟಲೆ ಗಾಳಿ ಹಾದಿದೆ, ಫೈಬರ್‌ಗ್ಲಾಸ್ ಜರಡಿಯ ಹಾಗೆ ಧೂಳು ಹಿಡಿದಿದೆ ಅಂತ ಅರ್ಥ. ಒಳಗೋಡೆಗಳ ತಲೆ, ವೈರು ಮತ್ತು ಪೈಪು ಹಾದುಹೋದ ತೂತು, ಚಾವಣಿಯೊಳಗೆ ಹುದುಗಿಸಿದ ದೀಪ, ಇವೇ ಮಾಮೂಲಿ ಕಳ್ಳರು. ಸಣ್ಣ ಸಂದಿಗೆ ಕಾಲ್ಕ್ ಎಂಬ ಮೆತ್ತುವ ಅಂಟು, ದೊಡ್ಡದಕ್ಕೆ ಡಬ್ಬಿಯಲ್ಲಿ ಬರುವ ಫೋಮ್. ದೀಪಗಳು ಇನ್ಸುಲೇಷನ್ ತಾಗಿದರೂ ಪರವಾಗಿಲ್ಲ ಎಂದು ಗುರುತು ಪಡೆದ ಐಸಿ ರೇಟಿಂಗಿನವೇ ಎಂದು ನೋಡಿಕೊಳ್ಳಿ. ಚಿಮ್ನಿಯ ಸುತ್ತಲಿನ ಸಂದಿಗೆ ಮಾತ್ರ ಫೋಮ್ ಬೇಡವೇ ಬೇಡ. ಅಲ್ಲಿ ತಗಡು ಮತ್ತು ಶಾಖ ತಡೆಯುವ ಕಾಲ್ಕ್. ಇನ್ಸುಲೇಷನ್ ಚಿಮ್ನಿಗೆ ತಾಗದಂತೆ ಸುತ್ತಲೂ ತಗಡಿನ ಕಟ್ಟೆ ಇಡಿ.

ಅಟ್ಟ ಹತ್ತುವ ಮುಚ್ಚಳ ಮರೆಯಬೇಡಿ. ಸುಮ್ನೆ ಒಂದು ತೆಳು ಹಲಗೆ ಇಟ್ಟಿರುತ್ತಾರೆ. ಅಂಚಿಗೆ ರಬ್ಬರ್ ಪಟ್ಟಿ, ಬೆನ್ನಿಗೆ ಫೋಮ್ ಹಲಗೆ ಅಂಟಿಸಿ.

ಆಮೇಲೆ ಸೂರಿನ ಕಡೆ. ಹೊಸ ಇನ್ಸುಲೇಷನ್ ಗಾಳಿಕಿಂಡಿಯನ್ನು ಮುಚ್ಚದ ಹಾಗೆ ಪ್ರತಿ ಎರಡು ಪಕ್ಕಾಸುಗಳ ನಡುವೆ ಗಾಳಿಗೆ ದಾರಿ ಬಿಡುವ ಬ್ಯಾಫಲ್ ಎಂಬ ತಟ್ಟೆಯೊಂದನ್ನು ಹೊಡೆಯಿರಿ. ಸೂರಿನಿಂದ ಒಳಬಂದ ತಣ್ಣನೆ ಗಾಳಿ ಮಾಡಿಗೆ ತಾಗಿಕೊಂಡು ಮೇಲೇರಿ ನೆತ್ತಿಯಿಂದ ಹೊರಹೋಗಬೇಕು.

ಎಷ್ಟು ದಪ್ಪ? ಇನ್ಸುಲೇಷನ್ ಶಾಖವನ್ನು ಎಷ್ಟು ತಡೆಯುತ್ತದೆ ಎಂಬುದನ್ನು ‘ಆರ್’ ಅಂಕೆಯಲ್ಲಿ ಹೇಳುತ್ತಾರೆ, ಅಂಕೆ ದೊಡ್ಡದಾದಷ್ಟೂ ತಡೆ ಹೆಚ್ಚು. ಅಮೆರಿಕದ ಇಂಧನ ಉಳಿತಾಯದ ಎನರ್ಜಿ ಸ್ಟಾರ್ ಕಾರ್ಯಕ್ರಮದ ಸಲಹೆ ಪ್ರಕಾರ ನಿಮ್ಮಂಥ ಚಳಿ ಸೀಮೆಯಲ್ಲಿ ಏನೂ ಇಲ್ಲದ ಅಟ್ಟಕ್ಕೆ ಆರ್-60, ಮೂರು ನಾಲ್ಕು ಇಂಚು ಮೊದಲೇ ಇದ್ದರೆ ಅದರ ಮೇಲೆ ಆರ್-49. ನಾನಾಗಿದ್ದರೆ ಯಂತ್ರದಲ್ಲಿ ಊದುವ, ಕಾಗದದ ಚೂರಿನಿಂದ ಮಾಡಿದ ಸೆಲ್ಯುಲೋಸ್ ಆರಿಸುತ್ತಿದ್ದೆ. ಇಂಚಿಗೆ ಸುಮಾರು ಆರ್-3.5 ಸಿಗುತ್ತದೆ, ಅಂದರೆ ಸುಮಾರು 14 ಇಂಚು ಬೇಕು. ಅದು ದಿನ ಕಳೆದಂತೆ ಕುಗ್ಗುತ್ತದೆ, ಚೀಲದ ಮೇಲಿನ ಪಟ್ಟಿ ನೋಡಿ ಮೊದಲೇ ಸ್ವಲ್ಪ ಜಾಸ್ತಿ ಹಾಕಿ. ಹಾಸು ರೂಪದ ಫೈಬರ್‌ಗ್ಲಾಸೇ ಬೇಕೆಂದರೆ ಕಾಗದ ಅಂಟಿಸದೇ ಇರುವುದನ್ನು ತಂದು ಜಂತೆಗೆ ಅಡ್ಡಲಾಗಿ ಹಾಸಿ. ಕಾಗದವಿರುವುದನ್ನು ಹಳೆಯದರ ಮೇಲೆ ಹಾಸಿದರೆ ಆವಿ ನಡುವೆ ಸಿಕ್ಕಿಕೊಳ್ಳುತ್ತದೆ.

ಕೆಲಸಕ್ಕೆ ಕೈಹಾಕುವ ಮೊದಲು ಎರಡು ಸಂಗತಿ ನೋಡಲೇಬೇಕು. ಫೈಬರ್‌ಗ್ಲಾಸ್ ಅಡಿಯಲ್ಲಿ ಅಭ್ರಕದ ಹಾಗೆ ಮಿನುಗುವ, ಬೂದು ಕಂದು ಬಣ್ಣದ ಸಣ್ಣ ಹರಳುಗಳಿದ್ದರೆ ಅದು ವರ್ಮಿಕ್ಯುಲೈಟ್. ಮುಟ್ಟದೆ ಇಳಿದು ಬನ್ನಿ. ಅಮೆರಿಕದಲ್ಲಿ ಮಾರಾಟವಾದ ವರ್ಮಿಕ್ಯುಲೈಟಿನ ಬಹುಪಾಲು ಮೊಂಟಾನಾದ ಲಿಬ್ಬಿ ಗಣಿಯದು. ಅದರಲ್ಲಿ ಉಸಿರಿನೊಂದಿಗೆ ಒಳಹೋದರೆ ಶ್ವಾಸಕೋಶಕ್ಕೆ ಅಪಾಯ ತರುವ ಆಸ್ಬೆಸ್ಟಾಸ್ ಬೆರೆತಿತ್ತು. ಗಣಿ 1990ರಲ್ಲಿ ಮುಚ್ಚಿದರೂ ಮಾಲು ಇನ್ನೂ ಎಷ್ಟೋ ಅಟ್ಟಗಳಲ್ಲಿ ಕೂತಿದೆ. ಎರಡನೆಯದು, ಪಿಂಗಾಣಿ ಗುಬುಟುಗಳ ಮೇಲೆ ಹಾದುಹೋದ ಹಳೇ ವೈರಿಂಗ್. ನಿಮ್ಮ ಮನೆಯ ಕಾಲಕ್ಕೆ ಅದು ಅಪರೂಪ, ಆದರೂ ಕಂಡರೆ ಎಲೆಕ್ಟ್ರಿಷಿಯನ್ ಬದಲಾಯಿಸುವ ತನಕ ಏನೂ ಮುಚ್ಚಬೇಡಿ.

ತೂತು ಮುಚ್ಚಿದ ಮೇಲೆ ಗ್ಯಾಸ್ ಫರ್ನೇಸ್, ವಾಟರ್ ಹೀಟರ್‌ಗಳ ಹೊಗೆ ಸರಿಯಾಗಿ ಹೊರಗೆ ಹೋಗುತ್ತಿದೆಯಾ ಎಂದು ತಿಳಿದವರಿಂದ ಪರೀಕ್ಷೆ ಮಾಡಿಸಿ. ಕಾರ್ಬನ್ ಮೊನಾಕ್ಸೈಡ್ ಅಲಾರಂ ಇಲ್ಲದಿದ್ದರೆ ಇವತ್ತೇ ತನ್ನಿ.

ಪ್ರಶ್ನೆ: ಅಟ್ಟದಲ್ಲಿ ಮಾಡಿನಿಂದ ಹೊರಬಂದ ಮೊಳೆಗಳ ತುದಿಗೆಲ್ಲ ಬಿಳಿ ಮಂಜು ಹಿಡಿದಿತ್ತು, ಬಿಸಿಲು ಬಂದಾಗ ತೊಟ್ಟಿಕ್ಕಿತು. ಮಾಡು ಸೋರುತ್ತಿದೆಯಾ?

ಉತ್ತರ: ಬಹುಶಃ ಇಲ್ಲ. ಅದು ನಿಮ್ಮ ಮನೆಯೊಳಗಿನ ಆವಿಯೇ. ಅನ್ನ, ಸಾರು ಕುದಿಯುತ್ತದೆ, ಬಟ್ಟೆ ಒಳಗೇ ಒಣಗುತ್ತದೆ, ದಿನಾ ಬಿಸಿನೀರ ಸ್ನಾನ. ಆ ಆವಿ ತೂತುಗಳಿಂದ ಮೇಲೇರಿ ತಣ್ಣನೆ ಕಬ್ಬಿಣಕ್ಕೆ ತಾಗಿ ಮಂಜಾಗುತ್ತದೆ. ಮೊದಲು ಬಚ್ಚಲಿನ ಫ್ಯಾನಿನ ಪೈಪು ಎಲ್ಲಿ ಮುಗಿಯುತ್ತದೆ ನೋಡಿ. ಹಳೇ ಮನೆಗಳಲ್ಲಿ ಎಷ್ಟೋ ಸಲ ಅದು ಅಟ್ಟದಲ್ಲೇ ಬಾಯಿ ತೆರೆದು ನಿಂತಿರುತ್ತದೆ. ಅದನ್ನು ಇನ್ಸುಲೇಷನ್ ಸುತ್ತಿದ ಪೈಪಿನಲ್ಲಿ ಮಾಡಿನ ಆಚೆ ತೆಗೆಸಿ. ಅಡುಗೆಮನೆಯ ಫ್ಯಾನಿನದ್ದೂ ಅದೇ ದಾರಿ.