ನಾಯಿಯ ಉಣ್ಣೆ ಔಷಧಿಯನ್ನು ಚಳಿಗಾಲದಲ್ಲಿ ನಿಲ್ಲಿಸಬಹುದಾ?

ನಾಯಿಯ ರಕ್ತ ಹೀರುವ ಉಣ್ಣೆ ಹುಳುವಿಗೆ ಕತ್ತಿಗೆ ಕಟ್ಟುವ ಪಟ್ಟಿ, ಚರ್ಮಕ್ಕೆ ಹಾಕುವ ಹನಿ, ಮಾತ್ರೆ, ಈ ಮೂರರಲ್ಲಿ ಬೇಸಿಗೆಗೆ ಯಾವುದು ಒಳ್ಳೆಯದು, ಚಳಿ ಶುರುವಾದ ಮೇಲೆ ನಿಲ್ಲಿಸಿದರೆ ನಡೆಯುತ್ತಾ ಅಂತ ಕೇಳಿದ್ದೀರಿ. ಕೊನೆಯ ಮಾತು ಓದಿ ಎದೆ ಧಸಕ್ ಅಂತು. ನಾನು ಮಾಡಿದ್ದೂ ಅದನ್ನೇ. ದಯವಿಟ್ಟು ನಿಲ್ಲಿಸಬೇಡಿ.

ನಾನೂ ನನ್ನ ನಾಯಿಯೂ ಬೆಳಗಾದರೆ ಕಾಡಿನಂಚಿನ ದಾರಿ ಹಿಡಿಯುತ್ತಿದ್ದೆವು. ಬೇಸಿಗೆಯುದ್ದಕ್ಕೂ ತಿಂಗಳು ತಪ್ಪದೆ ಮಾತ್ರೆ ಕೊಡುತ್ತಿದ್ದೆ. ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿದ್ದು ಕಂಡ ಕೂಡಲೇ ನಿಲ್ಲಿಸಿಬಿಟ್ಟೆ. ಈ ಚಳಿಗೆ ಹುಳುಗಳೆಲ್ಲ ಸತ್ತಿರುತ್ತವೆ, ಸುಮ್ನೆ ಯಾಕೆ ನಾಯಿಯ ಹೊಟ್ಟೆಗೆ ಔಷಧಿ ತುಂಬಬೇಕು, ನಾಲ್ಕು ದಿನ ಬಿಡುವು ಸಿಗಲಿ ಅನ್ನೋದು ನನ್ನ ಲೆಕ್ಕ. ಕಾಳಜಿಯಿಂದಲೇ ಮಾಡಿದ್ದು.

ಆ ಲೆಕ್ಕ ಎಲ್ಲಿ ತಪ್ಪಿತು ಅಂತ ಬಿಡಿಸಿ ಹೇಳಲೇಬೇಕು, ಯಾಕೆಂದರೆ ನೀವೂ ಅದನ್ನೇ ನಂಬಿರುವ ಹಾಗಿದೆ. ಉತ್ತರ ಅಮೆರಿಕದಲ್ಲಿ ಲೈಮ್ ರೋಗ ಹರಡುವ ಕಪ್ಪು ಕಾಲಿನ ಉಣ್ಣೆ ಒಂದು ಋತುವಿಗೆ ಹುಟ್ಟಿ ಸಾಯುವ ಹುಳು ಅಲ್ಲ. ಅದರ ಬದುಕು ಸುಮಾರು ಎರಡು ವರ್ಷದ್ದು. ಮರಿಯಾಗಿದ್ದಾಗ ಇಲಿಗಳ ರಕ್ತ ಕುಡಿಯುತ್ತದೆ, ಲೈಮ್ ರೋಗ ತರುವ ಬೊರೇಲಿಯಾ ಬ್ಯಾಕ್ಟೀರಿಯಾ ಅದರ ಹೊಟ್ಟೆ ಸೇರುವುದು ಆಗಲೇ. ಬಲಿತ ಮೇಲೆ ಜಿಂಕೆ, ನಾಯಿಯಂಥ ದೊಡ್ಡ ಪ್ರಾಣಿಯೇ ಬೇಕು. ಹೀಗೆ ಬಲಿತ ಉಣ್ಣೆ ಹಸಿದು ಹೊರಗೆ ಬರುವುದು ಯಾವಾಗ ಗೊತ್ತಾ? ಎಲೆ ಉದುರುವ ಕಾಲದಲ್ಲಿ. ಅಂದರೆ ಸರಿಯಾಗಿ ನಾನು ಮಾತ್ರೆ ಡಬ್ಬಿ ಎತ್ತಿಟ್ಟ ಕಾಲದಲ್ಲಿ. ಹಿಮ ಬಿದ್ದರೆ ಉದುರಿದ ಎಲೆಗಳ ಅಡಿ ಸೇರಿಕೊಳ್ಳುತ್ತದೆ, ಮೇಲಿನ ಹಿಮವೇ ಅದಕ್ಕೆ ಹೊದಿಕೆ. ಒಂದು ದಿನ ಬಿಸಿಲು ಬಂದು 4 ಡಿಗ್ರಿ ಸೆಲ್ಸಿಯಸ್ ದಾಟಿದರೆ ಸಾಕು, ಮತ್ತೆ ಹುಲ್ಲಿನ ತುದಿ ಹತ್ತಿ ಮುಂಗಾಲು ಚಾಚಿ ಕಾಯುತ್ತದೆ. ಅದು ಹಾರುವುದಿಲ್ಲ, ಮರದಿಂದ ಉದುರುವುದೂ ಇಲ್ಲ. ಸವರಿಕೊಂಡು ಹೋದವರ ಮೈ ಹಿಡಿದುಕೊಳ್ಳುತ್ತದೆ, ಅಷ್ಟೇ. ಚಳಿಗಾಲದಲ್ಲಿ ನಾಯಿಯನ್ನು ದೂರ ಕರೆದುಕೊಂಡು ಹೋಗಲು ಮನಸ್ಸಾಗುವುದೂ ಅಂಥ ಬಿಸಿಲಿನ ದಿನವೇ ಅಲ್ವಾ?

ಚಳಿ ಮುಗಿಯುತ್ತಾ ಬಂದಾಗ ನಾಯಿ ಎಡ ಮುಂಗಾಲು ಎತ್ತಿಕೊಂಡು ಕುಂಟಿತು. ಅಂಗಾಲು ತಿರುಗಿಸಿ ನೋಡಿದೆ, ಮುಳ್ಳಿಲ್ಲ, ಗಾಯವಿಲ್ಲ. ವಾಸಿಯಾಯಿತು ಅಂದುಕೊಳ್ಳುವಷ್ಟರಲ್ಲಿ ಬಲ ಹಿಂಗಾಲು ಕುಂಟತೊಡಗಿತು. ಕುಂಟು ಹೀಗೆ ಕಾಲಿಂದ ಕಾಲಿಗೆ ಬದಲಾದರೆ ತಡ ಮಾಡಬೇಡಿ, ಲೈಮ್‌ನಲ್ಲಿ ಹಾಗಾಗುತ್ತದೆ. ಮೈ ಸುಡುತ್ತಿತ್ತು, ಊಟದ ಬಟ್ಟಲಿನ ಕಡೆ ತಿರುಗಿಯೂ ನೋಡಲಿಲ್ಲ. ಕತ್ತಿನ ಪಟ್ಟಿ ಬಿಚ್ಚಿ ಕೂದಲು ಸರಿಸಿದರೆ ಅಲ್ಲೊಂದು ಉಣ್ಣೆ. ರಕ್ತ ಕುಡಿದು ಊದಿಕೊಂಡು ಬೂದು ಬಣ್ಣಕ್ಕೆ ತಿರುಗಿತ್ತು, ಕಾಲುಗಳು ಇನ್ನೂ ಆಡುತ್ತಿದ್ದವು. ರೋಗ ತಂದದ್ದು ಅದಲ್ಲ. ನಾಯಿಗಳಲ್ಲಿ ಲಕ್ಷಣ ಕಾಣಿಸುವುದು ಕಚ್ಚಿದ 2ರಿಂದ 5 ತಿಂಗಳ ನಂತರ. ತಂದದ್ದು ಅದಕ್ಕೂ ಮುಂಚಿನದು, ನನ್ನ ಕಣ್ಣಿಗೇ ಬೀಳದೆ ಉದುರಿ ಹೋದದ್ದು.

ಪಶುವೈದ್ಯರು ರಕ್ತದ ಜೊತೆ ಮೂತ್ರವನ್ನೂ ಪರೀಕ್ಷೆ ಮಾಡಿಸಿದರು. ಸೋಂಕು ತಗುಲಿದ ಹೆಚ್ಚಿನ ನಾಯಿಗಳಿಗೆ ಏನೂ ಆಗುವುದಿಲ್ಲ, ಆದರೆ ಕೆಲವಕ್ಕೆ ಮೂತ್ರಪಿಂಡಕ್ಕೇ ಏಟು ಬೀಳುತ್ತದೆ, ಅದು ಜೀವ ತೆಗೆಯುವಂಥದ್ದು. ಒಂದು ತಿಂಗಳು ಡಾಕ್ಸಿಸೈಕ್ಲಿನ್ ಅನ್ನುವ ಆ್ಯಂಟಿಬಯೋಟಿಕ್ ಕೊಟ್ಟೆವು. ಕುಂಟು ಬೇಗ ಹೋಯಿತು. ಮೂತ್ರದಲ್ಲಿ ಪ್ರೋಟೀನ್ ಹೋಗುವುದು ಮಾತ್ರ ಪೂರ್ತಿ ನಿಂತಿಲ್ಲ. ಈಗಲೂ ಆಗಾಗ ಪರೀಕ್ಷೆ, ಪ್ರತಿ ಸಲ ವರದಿ ಬರುವ ತನಕ ಜೀವದಲ್ಲಿ ಜೀವ ಇರುವುದಿಲ್ಲ.

ಹಾಗಾಗಿ ಪಟ್ಟಿಯೋ ಹನಿಯೋ ಮಾತ್ರೆಯೋ ಅನ್ನುವುದು ನನಗೆ ದೊಡ್ಡ ಪ್ರಶ್ನೆಯೇ ಅಲ್ಲ. ನಿಮ್ಮ ನಾಯಿಗೆ ಹೊಂದುವುದನ್ನು ವೈದ್ಯರು ಹೇಳುತ್ತಾರೆ, ನೀವು ಹನ್ನೆರಡು ತಿಂಗಳೂ ಕೊಡಿ. ಲೈಮ್ ಲಸಿಕೆ ಹಾಕಿಸಿದ್ದೇವೆ, ಇನ್ಯಾಕೆ ಅನ್ನುವವರಿದ್ದಾರೆ. ಲಸಿಕೆ ಉಣ್ಣೆಯನ್ನು ಕೊಲ್ಲುವುದಿಲ್ಲ, ಅದೇ ಉಣ್ಣೆ ತರುವ ಅನಾಪ್ಲಾಸ್ಮಾದಂಥ ಬೇರೆ ಸೋಂಕನ್ನೂ ತಡೆಯುವುದಿಲ್ಲ.

ನಿಮ್ಮ ಮೈ ಬಗ್ಗೆ ನೀವು ಏನೂ ಕೇಳಿಲ್ಲ, ಆದರೂ ಹೇಳುತ್ತೇನೆ. ನಾಯಿಯಿಂದ ನೇರವಾಗಿ ನಮಗೆ ಲೈಮ್ ಅಂಟುವುದಿಲ್ಲ. ಆದರೆ ಮಾತ್ರೆ ಕೊಟ್ಟ ನಾಯಿಯ ಕೂದಲಲ್ಲೂ ಇನ್ನೂ ಕಚ್ಚದ ಉಣ್ಣೆ ಮನೆಯೊಳಗೆ ಬರುತ್ತದೆ, ಯಾಕೆಂದರೆ ಮಾತ್ರೆಯ ಔಷಧಿ ರಕ್ತದಲ್ಲಿರುತ್ತದೆ, ಕಚ್ಚಿದ ಮೇಲಷ್ಟೇ ಉಣ್ಣೆ ಸಾಯುವುದು. ಅಷ್ಟರಲ್ಲಿ ಸೋಫಾಕ್ಕೆ ಇಳಿದು ನಿಮ್ಮನ್ನು ಹತ್ತಬಹುದು. ಮರಿ ಉಣ್ಣೆಯಂತೂ ಗಸಗಸೆ ಕಾಳಿನಷ್ಟಿರುತ್ತದೆ, ಕಣ್ಣಿಗಿಂತ ಬೆರಳೇ ವಾಸಿ. ಹೊರಗಿನಿಂದ ಬಂದ ದಿನವೇ ನಾಯಿಯ ಕಿವಿಯೊಳಗೆ, ಪಟ್ಟಿಯ ಅಡಿ, ಬೆರಳ ಸಂದಿ, ಬಾಲದ ಬುಡ ತಡವಿ ನೋಡಿ. ನಿಮ್ಮ ಮಂಡಿಯ ಹಿಂಭಾಗ, ತೊಡೆಸಂದಿ, ಕಂಕುಳು, ತಲೆಕೂದಲು ಮರೆಯಬೇಡಿ. ಹಾಕಿಕೊಂಡಿದ್ದ ಬಟ್ಟೆಯನ್ನು ಡ್ರೈಯರ್‌ನಲ್ಲಿ ಜಾಸ್ತಿ ಬಿಸಿಗೆ 10 ನಿಮಿಷ ಹಾಕಿ. ಉಣ್ಣೆ ಕಚ್ಚಿದ ಮೇಲೆ ಲೈಮ್ ಬ್ಯಾಕ್ಟೀರಿಯಾ ಮೈಗೆ ದಾಟಲು ಸಾಮಾನ್ಯವಾಗಿ 24 ಗಂಟೆಗಿಂತ ಜಾಸ್ತಿ ಹೊತ್ತು ಬೇಕು, ಅದೇ ದಿನ ಕಿತ್ತರೆ ಅಪಾಯ ಬಹಳ ಕಡಿಮೆ.

ಕೀಳುವಾಗ ಸೀಮೆಎಣ್ಣೆ, ಬೆಂಕಿಕಡ್ಡಿ, ವ್ಯಾಸಲೀನ್ ಯಾವುದೂ ಬೇಡ. ಸಣ್ಣ ತುದಿಯ ಚಿಮುಟದಿಂದ ಚರ್ಮಕ್ಕೆ ಅಂಟಿದ ಜಾಗದಲ್ಲೇ ಹಿಡಿದು, ತಿರುಚದೆ, ನೇರ ಮೇಲಕ್ಕೆ ನಿಧಾನವಾಗಿ ಎಳೆಯಿರಿ. ಕಚ್ಚಿದ 3ರಿಂದ 30 ದಿನದೊಳಗೆ ನಿಮ್ಮ ಚರ್ಮದ ಮೇಲೆ ಹರಡುವ ಕೆಂಪು ಕಲೆ ಕಂಡರೆ ಡಾಕ್ಟರ ಹತ್ತಿರ ಹೋಗಿ, ಗುರಿಹಲಗೆಯ ಹಾಗೆ ವರ್ತುಲ ಮೂಡಲಿ ಅಂತ ಕಾಯಬೇಡಿ.

ಔಷಧಿ ಆರಿಸುವಾಗ ಎರಡು ವಿಷಯ ಮುಚ್ಚಿಡಬೇಡಿ. ನಿಮ್ಮ ನಾಯಿಗೆ ಯಾವತ್ತಾದರೂ ಫಿಟ್ಸ್ ಬಂದಿದ್ದರೆ ಮೊದಲೇ ವೈದ್ಯರಿಗೆ ಹೇಳಿ, ಈಗಿನ ಹೆಚ್ಚಿನ ಉಣ್ಣೆ ಮಾತ್ರೆಗಳಿಗೆ ಆ ಎಚ್ಚರಿಕೆ ಇದೆ. ಮನೆಯಲ್ಲಿ ಬೆಕ್ಕಿದ್ದರೆ ಪರ್ಮೆಥ್ರಿನ್ ಅನ್ನುವ ಕೀಟನಾಶಕ ಇರುವ ಹನಿ ತರಲೇಬೇಡಿ. ನಾಯಿಗೆ ಹಾಕಿದ್ದು ಬೆಕ್ಕಿಗೆ ತಾಗಿದರೂ ಬೆಕ್ಕಿನ ಜೀವಕ್ಕೇ ಅಪಾಯ.